ಯಾರ ದುಡ್ಡು ಯಾವ ಕೆಲಸಕ್ಕೆ? ಕರಾವಳಿಯ ಸಣ್ಣ ಟ್ರಸ್ಟುಗಳಿಗೆ ಅನುದಾನದ ಹೋಲಿಕೆ

ಮಾರ್ಚ್ ಕೊನೆಯ ವಾರ. ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಫೋನ್ ಬಂತು. "ಒಂಬತ್ತು ಲಕ್ಷ ಇದೆ ಸರ್, ಮೂವತ್ತೊಂದರೊಳಗೆ ಬಿಲ್ ಕೊಡ್ತೀರಾ?" ಒಂದು ಕಂಪನಿಯ ಸಿಎಸ್‌ಆರ್ ವಿಭಾಗದವರು, ಅಂದರೆ ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡುವವರು.

ನಮ್ಮದು ಉಡುಪಿ ಕಡೆಯ ಸಣ್ಣ ಟ್ರಸ್ಟ್. ಹಾಸಿಗೆ ಹಿಡಿದ ರೋಗಿಗಳ ಮನೆಗೆ ನರ್ಸ್ ಕಳಿಸುವುದು ಮುಖ್ಯ ಕೆಲಸ. ನಾನು ಖಜಾಂಚಿ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು ಬೇರೆಯವರ ಸಾಲದ ಅರ್ಜಿ ತಿರುವಿ ಹಾಕಿದವನು. ಒಂಬತ್ತು ಲಕ್ಷ ಅಂದ ಕೂಡಲೇ ಆ ಬುದ್ಧಿಯೆಲ್ಲ ಎಲ್ಲಿ ಹೋಯಿತೋ, ಹೂಂ ಅಂದುಬಿಟ್ಟೆ. ಐದೇ ದಿನದಲ್ಲಿ ವ್ಯಾನ್ ಬಂತು. ಬದಿಯಲ್ಲಿ ಕಂಪನಿಯ ಹೆಸರು ದೊಡ್ಡದಾಗಿ. ಹಾರ, ತೆಂಗಿನಕಾಯಿ, ಫೋಟೊ ಎಲ್ಲ ಆಯಿತು.

ಡ್ರೈವರ್ ಸಂಬಳ ಯಾವ ಲೆಕ್ಕದಲ್ಲೂ ಇಲ್ಲ ಅಂತ ಹೊಳೆದದ್ದು ಏಪ್ರಿಲ್‌ನಲ್ಲಿ. ಡೀಸೆಲ್ ಇಲ್ಲ. ಇನ್ಶೂರೆನ್ಸ್ ಮೊದಲ ವರ್ಷದ್ದು ಮಾತ್ರ. ಆ ಮಳೆಗಾಲ ಪೂರ್ತಿ ವ್ಯಾನ್ ನಮ್ಮ ಹಲಸಿನ ಮರದ ಕೆಳಗೆ ನಿಂತಿತ್ತು, ನರ್ಸ್‌ಗಳು ಕೊಡೆ ಹಿಡಿದು ಬಸ್ಸಿಗೇ ಹೋದರು. ಕಂಪನಿಯವರನ್ನು ನಾನು ಬೈಯುವುದಿಲ್ಲ. ಕೇಳಬೇಕಾದ್ದನ್ನು ಕೇಳದೆ ಇದ್ದವನು ನಾನು.

ಆಮೇಲೆ ಮಂಗಳೂರು, ಉಡುಪಿಯ ನಾಲ್ಕಾರು ಸಂಸ್ಥೆಗಳಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಎಲ್ಲರೂ ಮೊದಲು ಕೇಳುವುದು "ಯಾರು ಜಾಸ್ತಿ ಕೊಡ್ತಾರೆ" ಅಂತಲೇ. ನಾನು ತಿರುಗಿಸಿ ಕೇಳುತ್ತೇನೆ: ಆ ದುಡ್ಡು ಯಾವ ತಿಂಗಳು ಬರುತ್ತದೆ, ಯಾವ ತಿಂಗಳು ನಿಲ್ಲುತ್ತದೆ? ನಿಮ್ಮ ಕೆಲಸಕ್ಕೆ ದುಡ್ಡು ಬೇಕಾಗುವುದು ಯಾವ ತಿಂಗಳು? ಈ ಎರಡು ಕ್ಯಾಲೆಂಡರ್ ಹೊಂದದಿದ್ದರೆ ಲಕ್ಷ ಬಂದರೂ ವ್ಯಾನ್ ಮರದ ಕೆಳಗೇ.

ಮೊದಲು ನಿಮ್ಮ ಕೆಲಸದ ಕ್ಯಾಲೆಂಡರ್

ಮೂರು ಕೆಲಸ ತೆಗೆದುಕೊಳ್ಳೋಣ: ಊರಿನ ಆರೋಗ್ಯ, ಮಕ್ಕಳ ಪೋಷಕತ್ವ, ಉದ್ಯೋಗ ತರಬೇತಿ. ದಾನಿಗಳ ಪಟ್ಟಿಯಲ್ಲಿ ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ. ನಡೆಯುವ ರೀತಿ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ.

ಆರೋಗ್ಯದ ಕೆಲಸಕ್ಕೆ ಪ್ರತಿ ತಿಂಗಳು ಒಂದೇ ಥರದ ಖರ್ಚು. ನರ್ಸ್ ಸಂಬಳ, ಓಡಾಟ, ಗಾಯಕ್ಕೆ ಕಟ್ಟುವ ಬಟ್ಟೆ, ಕ್ಯಾಥೆಟರ್. ಮುಗಿಯುವ ದಿನ ಅಂತ ಇಲ್ಲ. ನಮ್ಮ ಕರಾವಳಿಯವರಿಗೆ ಎಂಡೋಸಲ್ಫಾನ್‌ನ ಉದಾಹರಣೆ ಸಾಕು. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದ್ದ ಆ ವಿಷವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಿತು. ಸಿಂಪಡಣೆ ನಿಂತು ಎಷ್ಟೋ ಕಾಲವಾಯಿತು. ಕೊಕ್ಕಡದ ಕಡೆಯ ಮನೆಗಳಲ್ಲಿ ಅಂದು ಚಿಕ್ಕವರಿದ್ದವರು ಇಂದು ದೊಡ್ಡವರಾಗಿದ್ದಾರೆ, ಅವರನ್ನು ಎತ್ತಿ ಕೂರಿಸುತ್ತಿದ್ದ ತಾಯಂದಿರಿಗೆ ಈಗ ಸೊಂಟ ನೋವು. ಇಂಥ ಕಡೆ "ಒಂದು ವರ್ಷದ ಪ್ರಾಜೆಕ್ಟ್" ಅನ್ನುವ ಮಾತಿಗೆ ಏನು ಅರ್ಥ ಹೇಳಿ.

ಪೋಷಕತ್ವದ ಕ್ಯಾಲೆಂಡರ್ ಇನ್ನೂ ಉದ್ದ. ಮಗು ದತ್ತು ಹೋಗುವುದಿಲ್ಲ, ಆದರೆ ಬೇರೆ ಕುಟುಂಬದಲ್ಲಿ ಬೆಳೆಯುತ್ತದೆ. ಸಾಮಾನ್ಯವಾಗಿ ಆರು ವರ್ಷ ದಾಟಿದ ಮಕ್ಕಳು. ಹದಿನೆಂಟರ ತನಕ ನೋಡಿಕೊಳ್ಳಬೇಕಾಗಿ ಬರಬಹುದು. ಅಂದರೆ ಹನ್ನೆರಡು ವರ್ಷ. ಯಾವ ದಾನಿ ಹನ್ನೆರಡು ವರ್ಷದ ಕಾಗದಕ್ಕೆ ಸಹಿ ಹಾಕುತ್ತಾನೆ?

ಉದ್ಯೋಗ ತರಬೇತಿಯದ್ದು ಬ್ಯಾಚ್ ಲೆಕ್ಕ. ಶುರು ಇದೆ, ಕೊನೆ ಇದೆ, ನಡುವೆ ಒಂದು ಸರ್ಟಿಫಿಕೇಟ್ ಇದೆ. ದಾನಿಗಳಿಗೆ ಇದು ಇಷ್ಟವಾಗುವುದು ಅದಕ್ಕೇ. ಆದರೆ ಇದಕ್ಕೂ ಋತು ಇದೆ. ಮಲ್ಪೆ ಅಥವಾ ಮಂಗಳೂರಿನ ದಕ್ಕೆಯ (ಮೀನುಗಾರಿಕೆ ಬಂದರಿನ) ಹುಡುಗರಿಗೆ ಬೋಟ್ ಎಂಜಿನ್ ರಿಪೇರಿಯನ್ನೋ ಎಸಿ ಮೆಕ್ಯಾನಿಕ್ ಕೆಲಸವನ್ನೋ ಕಲಿಸಬೇಕಾದರೆ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ 61 ದಿನಗಳಲ್ಲೇ ಕಲಿಸಬೇಕು. ಆಗಸ್ಟ್‌ನಲ್ಲಿ ದುಡ್ಡು ಬಂದರೆ ಹುಡುಗರು ಕಡಲಲ್ಲಿ, ಮೇಷ್ಟ್ರು ಖಾಲಿ ಬೆಂಚಿನ ಮುಂದೆ. ನನ್ನ ಗೆಳೆಯರ ಸಂಸ್ಥೆಯೊಂದಕ್ಕೆ ಒಂದು ವರ್ಷ ಹೀಗೇ ಆಯಿತು. ಇಪ್ಪತ್ತೈದು ಹೆಸರು ಬರೆದಿದ್ದರು, ಆರು ಮಂದಿ ಬಂದರು.

ಸಿಎಸ್‌ಆರ್: ಬೇಗ ಬರುತ್ತದೆ, ಬೇಗ ಕೇಳುತ್ತದೆ

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್‌ನಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ತನ್ನ ಸುತ್ತಮುತ್ತಲ ಊರಿಗೆ ಆದ್ಯತೆ ಕೊಡಬೇಕು ಅಂತಲೂ ಇದೆ. ಹಾಗಾಗಿ ಮಂಗಳೂರಿನವರಿಗೆ ಎಂಆರ್‌ಪಿಎಲ್ (ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ), ಕರ್ಣಾಟಕ ಬ್ಯಾಂಕ್ ಮೊದಲು ನೆನಪಾಗುತ್ತವೆ. ಲೇಡಿಗೋಷನ್ ಆಸ್ಪತ್ರೆಯ ಹೊಸ ಕಟ್ಟಡದ ಹಿಂದೆ ಎಂಆರ್‌ಪಿಎಲ್, ಒಎನ್‌ಜಿಸಿಯ ದುಡ್ಡು ಇದೆ, ಊರಿಗೆಲ್ಲ ಗೊತ್ತು. (ಬ್ಯಾಂಕಿನವನಾದ್ದರಿಂದ ಒಂದು ಮಾತು ಸೇರಿಸುತ್ತೇನೆ. ಕರ್ಣಾಟಕ ಬ್ಯಾಂಕ್ ಒಂದು ಕಂಪನಿ, 135 ಅದಕ್ಕೆ ಅನ್ವಯಿಸುತ್ತದೆ. ಕೆನರಾ ಬ್ಯಾಂಕಿನಂಥ ರಾಷ್ಟ್ರೀಕೃತ ಬ್ಯಾಂಕುಗಳು ಬೇರೆ ಕಾನೂನಿನಲ್ಲಿವೆ. ಅವು ಕೊಡುವುದು ತಮ್ಮದೇ ನೀತಿಯಂತೆ. ಅರ್ಜಿಯಲ್ಲಿ ಎರಡಕ್ಕೂ ಒಂದೇ ಒಕ್ಕಣೆ ಬರೆದರೆ ನೀವು ಓದಿಕೊಂಡಿಲ್ಲ ಅಂತ ಗೊತ್ತಾಗುತ್ತದೆ.)

ಮಾರ್ಚ್ ಗಡಿಬಿಡಿ ಯಾಕೆ ಅಂತ ತಿಳಿದರೆ ಸಿಎಸ್‌ಆರ್ ಅರ್ಧ ಅರ್ಥವಾದ ಹಾಗೆ. ಆ ವರ್ಷದ ದುಡ್ಡು ಆ ವರ್ಷವೇ ಖರ್ಚಾಗಬೇಕು. ಉಳಿದರೆ ಆರು ತಿಂಗಳೊಳಗೆ ಪ್ರಧಾನಿ ಪರಿಹಾರ ನಿಧಿಯಂಥ ಸರ್ಕಾರಿ ನಿಧಿಗೆ ಕಟ್ಟಬೇಕು. ಯಾವ ಮ್ಯಾನೇಜರಿಗೂ ಅದು ಬೇಡ. ಹಾಗಾಗಿ ಮಾರ್ಚ್‌ನಲ್ಲಿ ಫೋನ್.

ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಬಾಗಿಲಿದೆ. ಕೆಲಸವನ್ನು "ಮುಂದುವರಿಯುವ ಯೋಜನೆ" ಅಂತ ಕಂಪನಿಯ ಮಂಡಳಿ ಒಪ್ಪಿದರೆ, ಶುರುವಾದ ವರ್ಷ ಬಿಟ್ಟು ಮೂರು ವರ್ಷದ ತನಕ ನಡೆಸಬಹುದು. ಉಳಿದ ಹಣವನ್ನು ವರ್ಷ ಮುಗಿದ 30 ದಿನದೊಳಗೆ ಬೇರೆ ಖಾತೆಗೆ ಹಾಕಿ ಇಟ್ಟರಾಯಿತು. ಮಾರ್ಚ್‌ನಲ್ಲಿ ಯಾರಾದರೂ ಫೋನ್ ಮಾಡಿದರೆ ನಾನು ಈಗ ಕೇಳುವುದು ಇದನ್ನೇ. "ವ್ಯಾನ್ ಬೇಡ ಸರ್, ಇದನ್ನು ಮುಂದುವರಿಯುವ ಯೋಜನೆ ಮಾಡಿ ಮೂರು ವರ್ಷ ನರ್ಸ್ ಸಂಬಳ ಕೊಡ್ತೀರಾ?" ಹತ್ತರಲ್ಲಿ ಎಂಟು ಮಂದಿ ಫೋನ್ ಇಡುತ್ತಾರೆ. ಉಳಿದ ಇಬ್ಬರೇ ನಿಮಗೆ ಬೇಕಾದವರು.

ಸಂಬಳದ ಮಾತು ಬಂದರೆ "ಶೇ 5ಕ್ಕಿಂತ ಜಾಸ್ತಿ ಆಡಳಿತ ಖರ್ಚು ಕೊಡುವ ಹಾಗಿಲ್ಲ" ಅನ್ನುತ್ತಾರೆ. ಇಲ್ಲಿ ಮೋಸ ಇಲ್ಲ, ತಪ್ಪು ತಿಳಿವಳಿಕೆ ಇದೆ. ಆ ಶೇ 5ರ ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಒಂದು ಯೋಜನೆಯನ್ನು ನೇರವಾಗಿ ನಡೆಸುವ ಖರ್ಚು ಅದರೊಳಗೆ ಬರುವುದಿಲ್ಲ. ರೋಗಿಯ ಗಾಯ ತೊಳೆಯುವ ನರ್ಸ್ ಆಡಳಿತ ಅಲ್ಲ, ಅವರೇ ಯೋಜನೆ. ಬಜೆಟ್ ಹಾಳೆಯಲ್ಲಿ ಅವರ ಸಂಬಳವನ್ನು "ಸಿಬ್ಬಂದಿ ವೆಚ್ಚ" ಅಂತ ಕೊನೆಗೆ ಹಾಕಬೇಡಿ. "ಮನೆ ಭೇಟಿ, ಒಂದಕ್ಕೆ ಇಷ್ಟು" ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಇದು ಸುಳ್ಳಲ್ಲ. ಕೆಲಸ ಇರುವುದೇ ಹಾಗೆ.

ಬಾಗಿಲ ಚೀಟಿಗಳು: ಆದಾಯ ತೆರಿಗೆಯ 12ಎ (ಟ್ರಸ್ಟಿಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ವಿನಾಯಿತಿ) ನೋಂದಣಿ, ಮೂರು ವರ್ಷದ ಕೆಲಸದ ದಾಖಲೆ, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನುವ ಫಾರಂ. ಹೋದ ವರ್ಷ ಶುರುವಾದ ಟ್ರಸ್ಟ್ ಇಲ್ಲಿ ಸುಮ್ನೆ ಚಪ್ಪಲಿ ಸವೆಸಬಾರದು.

ಇನ್ನೊಂದು ಅಪಾಯ ಲಾಭದ್ದು. ದುಡ್ಡು ಲಾಭದಿಂದ ಬರುವುದರಿಂದ ಲಾಭ ಇಳಿದರೆ ನಿಮ್ಮ ನರ್ಸ್ ಸಂಬಳವೂ ಇಳಿಯುತ್ತದೆ. ತೈಲ ಶುದ್ಧೀಕರಣದಂಥ ಉದ್ಯಮದಲ್ಲಿ ಇದು ಹಗ್ಗದ ಮೇಲಿನ ನಡಿಗೆ. ಎಂಆರ್‌ಪಿಎಲ್ 2019-20ರಲ್ಲೂ 2020-21ರಲ್ಲೂ ನಷ್ಟ ತೋರಿಸಿತ್ತು, ಆಮೇಲೆ ಭರ್ಜರಿ ಲಾಭ. ಒಂದೇ ಕಂಪನಿಯನ್ನು ನೆಚ್ಚಿ ತಿಂಗಳ ಸಂಬಳ ಕೊಡುವ ಕೆಲಸ ಶುರು ಮಾಡಬೇಡಿ.

ಫೌಂಡೇಶನ್ ಅಂತ ಬೋರ್ಡ್ ಇದ್ದದ್ದೆಲ್ಲ ಒಂದೇ ಅಲ್ಲ

ಇಲ್ಲಿ ಹೆಸರು ನೋಡಿ ಮೋಸ ಹೋಗುವವರು ಜಾಸ್ತಿ. ಇನ್ಫೋಸಿಸ್ ಫೌಂಡೇಶನ್ 1996ರಲ್ಲಿ ಶುರುವಾದದ್ದು, ಅದರ ಹಿಂದೆ ಇರುವುದು ಕಂಪನಿಯ ಸಿಎಸ್‌ಆರ್ ದುಡ್ಡು. ಅಂದರೆ ಮೇಲೆ ಹೇಳಿದ ಕ್ಯಾಲೆಂಡರ್ ಅದಕ್ಕೂ ಇದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಹಾಗಲ್ಲ. ಒಬ್ಬ ವ್ಯಕ್ತಿ ತನ್ನ ಷೇರುಗಳನ್ನೇ ಬರೆದುಕೊಟ್ಟು ಮಾಡಿದ ನಿಧಿ ಅದು. ಮುಂಬೈಯ ಟಾಟಾ ಟ್ರಸ್ಟುಗಳೂ ಹಳೆಯ ದತ್ತಿಯಿಂದ ನಡೆಯುವವು. ಸರ್ ರತನ್ ಟಾಟಾ ಟ್ರಸ್ಟ್ 1919ರದ್ದು. ಇಂಥವರಿಗೆ ಮಾರ್ಚ್ 31ರ ಭಯ ಇಲ್ಲ. ಎರಡು ಮೂರು ವರ್ಷದ ಅನುದಾನದ ಮಾತು ಇವರ ಹತ್ತಿರ ಆಡಬಹುದು. ಸಂಬಳ, ಬಾಡಿಗೆ, ಲೆಕ್ಕಪತ್ರದ ಖರ್ಚು ಅಂದರೆ ಮುಖ ಗಂಟಿಕ್ಕುವುದಿಲ್ಲ.

ಹಾಗಾದರೆ ಎಲ್ಲರೂ ಇಲ್ಲೇ ಹೋಗಬಾರದೇ? ಹೋಗಲಿ. ಆದರೆ ಇವರ ಬಾಗಿಲು ನಿಧಾನ. ಮೊದಲು ಒಂದು ಪುಟದ ಟಿಪ್ಪಣಿ, ಆಮೇಲೆ ಫೋನ್, ಆಮೇಲೆ ಯಾರೋ ಬಂದು ನಿಮ್ಮ ಜೊತೆ ಒಂದು ದಿನ ತಿರುಗುತ್ತಾರೆ, ಆಮೇಲೆ ಮೂರು ವರ್ಷದ ಆಡಿಟ್, ಆಮೇಲೆ ಉದ್ದದ ಪ್ರಶ್ನೆಪಟ್ಟಿ. ಜನವರಿಯಲ್ಲಿ ಕೇಳಿದರೆ ದೀಪಾವಳಿಗೆ ಉತ್ತರ ಬಂದರೆ ಬೇಗ ಬಂತು ಅನ್ನಿ. ಅಷ್ಟು ದಿನ ಸಂಬಳ ಕೊಡಲು ಕೈಯಲ್ಲಿ ಕಾಸಿರಬೇಕು.

ಇನ್ನೊಂದು, ಅವರಿಗೆ ತಮ್ಮದೇ ಭೂಪಟ ಇದೆ. ದಕ್ಷಿಣ ಕನ್ನಡ, ಉಡುಪಿ ಅಂದ ಕೂಡಲೇ "ನಿಮ್ಮದು ಮುಂದುವರಿದ ಜಿಲ್ಲೆ ಅಲ್ವಾ" ಅನ್ನುತ್ತಾರೆ. ತಪ್ಪೇನಿಲ್ಲ. ಮೆಡಿಕಲ್ ಕಾಲೇಜುಗಳೇ ಎಷ್ಟಿವೆ ನಮ್ಮಲ್ಲಿ! ಇಲ್ಲಿ ಜಿಲ್ಲೆಯ ಸರಾಸರಿ ಹಿಡಿದು ವಾದಿಸಿದರೆ ಸೋತಿರಿ. ನಿಮ್ಮ ಕಡೆಯ ಮೂಲೆಯನ್ನು ತೋರಿಸಿ: ಬೀಡಿ ಕಟ್ಟುವ ಹೆಂಗಸರು, ಉತ್ತರ ಕರ್ನಾಟಕದಿಂದ ಬಂದು ಕಟ್ಟಡ ಕೆಲಸ ಮಾಡುವ ಕುಟುಂಬಗಳ ಶೆಡ್ಡು, ಮಗ ಕೊಲ್ಲಿಯಲ್ಲಿ ಇದ್ದು ಮನೆಯಲ್ಲಿ ಒಬ್ಬರೇ ಮಲಗಿರುವ ಎಂಬತ್ತರ ಅಜ್ಜಿ. ಆಸ್ಪತ್ರೆ ಹತ್ತು ಕಿಲೋಮೀಟರ್ ದೂರದಲ್ಲಿದೆ, ಆದರೆ ಆ ಅಜ್ಜಿಯನ್ನು ಹಾಸಿಗೆಯಿಂದ ಎಬ್ಬಿಸಿ ರಸ್ತೆಗೆ ತರುವವರಿಲ್ಲ. ಈ ಒಂದು ವಾಕ್ಯದ ಮೇಲೆ ನಮ್ಮ ಒಂದು ಅರ್ಜಿ ಪಾಸಾಯಿತು ಅಂತ ನನ್ನ ನಂಬಿಕೆ.

ಸರ್ಕಾರದ ದುಡ್ಡು

ಭದ್ರ, ಆದರೆ ತಡ. ನನ್ನ ಅನುಭವದಲ್ಲಿ ಯುಗಾದಿಗೆ ಬರಬೇಕಾದ ಕಂತು ಆಟಿ (ತುಳುವರ ಮಳೆಗಾಲದ ತಿಂಗಳು) ಕಳೆದು ಬರುತ್ತದೆ. ಬಳಕೆ ಪ್ರಮಾಣಪತ್ರ ಕೊಡದೆ ಮುಂದಿನ ಕಂತಿಲ್ಲ, ಹಿಂದಿನ ಕಂತು ಬಾರದೆ ಬಳಸುವುದು ಏನನ್ನು ಅಂತ ಕೇಳುವ ಹಾಗಿಲ್ಲ. ಅರ್ಜಿ ಹಾಕುವ ಮೊದಲು ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರು ಬರೆಸಿ ಸಂಖ್ಯೆ ತೆಗೆದುಕೊಳ್ಳಿ. ಅದಕ್ಕೆ ಖರ್ಚಿಲ್ಲ.

ಪೋಷಕತ್ವಕ್ಕೆ ಮಾತ್ರ ನಾನು ಸರ್ಕಾರವನ್ನೇ ಮೊದಲು ಹೇಳುತ್ತೇನೆ. ಬೇರೆ ದಾರಿಯೂ ಇಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಗುವನ್ನು ಒಂದು ಕುಟುಂಬಕ್ಕೆ ಒಪ್ಪಿಸುವ ಅಧಿಕಾರ ಮಕ್ಕಳ ಕಲ್ಯಾಣ ಸಮಿತಿಗೆ ಇರುವುದು. "ನಮ್ಮ ಟ್ರಸ್ಟಿಗೆ ಪರಿಚಯದ ಒಳ್ಳೆಯ ಮನೆ" ಅಂತ ನಾವೇ ಬಿಟ್ಟು ಬರುವ ಹಾಗಿಲ್ಲ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಮಗುವಿಗೆ ತಿಂಗಳಿಗೆ 4000 ರೂಪಾಯಿ ಇದೆ. ಆ ಹಣ ಮಗುವಿನ ಪಾಲನೆಗೆ, ನಮ್ಮ ಟ್ರಸ್ಟಿನ ಖರ್ಚಿಗಲ್ಲ. ಹಾಗಾದರೆ ಟ್ರಸ್ಟಿಗೆ ಕೆಲಸ ಏನು? ಮನೆ ಹುಡುಕುವುದು, ಆ ಮನೆಯವರ ಜೊತೆ ಹತ್ತು ಸಲ ಮಾತಾಡುವುದು, ಮಗು ಹೋದ ಮೇಲೆ ತಿಂಗಳಿಗೊಮ್ಮೆ ಹೋಗಿ ನೋಡುವುದು, ಶಾಲೆಯಲ್ಲಿ ಗಲಾಟೆಯಾದರೆ ಓಡುವುದು. ಇದನ್ನೆಲ್ಲ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಜೊತೆ ಸೇರಿ ಮಾಡಬೇಕು. ಖರ್ಚು ಅಂದರೆ ಒಬ್ಬ ಸಮಾಜ ಕಾರ್ಯಕರ್ತೆಯ ಸಂಬಳ ಮತ್ತು ಬಸ್ ಚಾರ್ಜು. 2024ರಲ್ಲಿ ಬಂದ ಹೊಸ ಮಾರ್ಗಸೂಚಿಯಲ್ಲಿ 35ರಿಂದ 60ರ ಒಳಗಿನ ಒಂಟಿ ವ್ಯಕ್ತಿಗಳೂ ಪೋಷಕರಾಗಬಹುದು. ಎರಡು ವರ್ಷ ಮಗು ಆ ಮನೆಯಲ್ಲಿದ್ದರೆ ಅದೇ ಕುಟುಂಬ ದತ್ತು ಕೇಳಲು ದಾರಿ ಇದೆ; ಮೊದಲು ಐದು ವರ್ಷ ಕಾಯಬೇಕಿತ್ತು. ಅಂದರೆ ಮನೆ ಮನೆ ಹೋಗಿ ಹೇಳುವ ಕೆಲಸ ಜಾಸ್ತಿಯಾಗಿದೆ. ಅದನ್ನು ಮಾಡುವವರ ಸಂಬಳವನ್ನು ಬೇರೆ ಕಡೆಯಿಂದಲೇ ತರಬೇಕು.

ಇಲ್ಲಿ ಒಂದು ಬಲೆ ಇದೆ. ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಅನಾಥರಿಗೆ ಮನೆ, ಹಾಸ್ಟೆಲ್ ಕಟ್ಟುವುದು ಅಂತ ನೇರವಾಗಿ ಬರೆದಿದೆ. ಕಟ್ಟಡಕ್ಕೆ ಕಲ್ಲು ಹಾಕಬಹುದು, ಕಲ್ಲಿನ ಮೇಲೆ ಹೆಸರು ಕೆತ್ತಬಹುದು. ಸಮಾಜ ಕಾರ್ಯಕರ್ತೆಯ ಬಸ್ ಟಿಕೆಟ್ ಮೇಲೆ ಯಾವ ಹೆಸರು ಕೆತ್ತಲಿ? ಹಾಗಾಗಿ "ಪೋಷಕತ್ವ" ಅಂತ ಕೇಳಲು ಹೋದವರು "ಬಾಲಕರ ಹಾಸ್ಟೆಲ್" ಹಿಡಿದುಕೊಂಡು ಬರುತ್ತಾರೆ. ಆದರೆ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಅಂತ ಅದೇ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಕಟ್ಟಡ ಎದ್ದ ಮೇಲೆ ಹಾಸಿಗೆ ತುಂಬಿಸಬೇಕು ಅನ್ನುವ ಒತ್ತಡ ಬರುತ್ತದೆ. ಈ ಜಾಗದಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ: ಕಟ್ಟಡದ ದುಡ್ಡು ಬೇಡ ಅನ್ನಿ.

ಉದ್ಯೋಗ ತರಬೇತಿಗೆ ಸರ್ಕಾರದ ಯೋಜನೆ ಅಂದರೆ 2014ರಲ್ಲಿ ಶುರುವಾದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆ. 15ರಿಂದ 35 ವರ್ಷದ ಹಳ್ಳಿಯ ಯುವಜನರಿಗೆ. ತರಬೇತಿ ಪಡೆದವರಲ್ಲಿ ಶೇ 70 ಮಂದಿಗೆ ಕೆಲಸ ಕೊಡಿಸಬೇಕು ಅನ್ನುವ ಷರತ್ತಿನ ಮೇಲೆ ನಿಂತ ಯೋಜನೆ ಅದು. ಹಣ ಕಂತಿನಲ್ಲಿ. ಮೊದಲು ಕೈಯಿಂದ ಹಾಕಿ ಆಮೇಲೆ ಪಡೆಯುವ ಶಕ್ತಿ ಇದ್ದವರಿಗೆ ಸರಿ. ನಾಲ್ಕು ಹೊಲಿಗೆ ಮೆಷಿನ್ ಇಟ್ಟುಕೊಂಡ ಮಹಿಳಾ ಮಂಡಳಿಗೆ ಅಲ್ಲ.

ಜೊತೆಗೆ ಇದು ರುಡ್‌ಸೆಟ್ (ಹಳ್ಳಿಯ ಯುವಜನರಿಗೆ ಸ್ವಉದ್ಯೋಗ ಕಲಿಸುವ ಸಂಸ್ಥೆ) ಹುಟ್ಟಿದ ನೆಲ ಅನ್ನುವುದನ್ನು ಮರೆಯಬೇಡಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ್ದು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಅದೇ ಮಾದರಿಯನ್ನು ಆಮೇಲೆ ಕೇಂದ್ರ ಸರ್ಕಾರ ದೇಶದ ಜಿಲ್ಲೆ ಜಿಲ್ಲೆಗೂ ಒಯ್ದಿತು. ಉಡುಪಿಯವರಿಗೆ ಬ್ರಹ್ಮಾವರ ಹತ್ತಿರ. ಹಾಗಾಗಿ "ನಾವು ಟೈಲರಿಂಗ್ ಕಲಿಸುತ್ತೇವೆ" ಅಂತ ಹೋದರೆ ಯಾವ ದಾನಿಯೂ ಕೇಳುವ ಮೊದಲ ಪ್ರಶ್ನೆ: "ಉಜಿರೆಗೆ ಯಾಕೆ ಕಳಿಸಬಾರದು?" ಇದಕ್ಕೆ ಉತ್ತರ ಇಲ್ಲದಿದ್ದರೆ ಅರ್ಜಿ ಬರೆಯುವ ಬದಲು ಹುಡುಗರನ್ನು ಉಜಿರೆಗೆ ಬಸ್ ಹತ್ತಿಸಿ, ಅದು ಹೆಚ್ಚು ಪುಣ್ಯದ ಕೆಲಸ. ಉತ್ತರ ಇದ್ದರೆ, ಅಂದರೆ ಅಂಗವೈಕಲ್ಯ ಇರುವವರಿಗೆ, ಮನೆ ಬಿಟ್ಟು ಉಳಿಯಲಾಗದ ತಾಯಂದಿರಿಗೆ, ನಿಷೇಧದ 61 ದಿನದ ಹುಡುಗರಿಗೆ ಅಂತ ಆದರೆ, ಅದನ್ನೇ ಅರ್ಜಿಯ ಮೊದಲ ಸಾಲು ಮಾಡಿ.

ಹೊರದೇಶದ ದುಡ್ಡು, ಕೊಲ್ಲಿಯ ದುಡ್ಡು

ಇವೆರಡೂ ಬೇರೆ ಬೇರೆ. ನಮ್ಮ ಊರಿನವರಿಗೆ ಇದು ಗೊತ್ತಿರಲೇಬೇಕು. ದುಬೈಯಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟ್ ಇರುವ ನಿಮ್ಮ ಭಾವ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡ ನಿಮ್ಮ ಸ್ವಂತ ಅಣ್ಣ ಕಳಿಸಿದರೆ, ಅವರ ಹತ್ತಿರ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಅದನ್ನು ಮುಟ್ಟಬಾರದು. ರಕ್ತಸಂಬಂಧ ಇಲ್ಲಿ ಲೆಕ್ಕಕ್ಕಿಲ್ಲ, ಪಾಸ್‌ಪೋರ್ಟ್ ಲೆಕ್ಕಕ್ಕೆ. ಕೊಲ್ಲಿಯಿಂದ ಹಣ ಬಂದಾಗ ಪಾಸ್‌ಪೋರ್ಟಿನ ಪ್ರತಿ ತೆಗೆದಿಟ್ಟುಕೊಳ್ಳಿ, ನಾಚಿಕೆ ಬೇಡ.

ಎಫ್‌ಸಿಆರ್‌ಎ ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಮುಖ್ಯ ಕೆಲಸಕ್ಕೆ ಖರ್ಚಾಗಿರಬೇಕು. 2020ರ ತಿದ್ದುಪಡಿಯ ಮೇಲೆ ಹಣ ಬರುವುದು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಆಡಳಿತ ಖರ್ಚಿನ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ಹಂಚುವ ಹಾಗಿಲ್ಲ. ಈ ಕೊನೆಯದು ಸಣ್ಣವರಿಗೆ ದೊಡ್ಡ ಹೊಡೆತ. ಮೊದಲು ದೊಡ್ಡ ಸಂಸ್ಥೆಗಳ ಕೈಯಿಂದ ನಮ್ಮಂಥವರಿಗೆ ಸ್ವಲ್ಪ ಹರಿದು ಬರುತ್ತಿತ್ತು. ವರ್ಷಕ್ಕೆ ಇಪ್ಪತ್ತು ಲಕ್ಷದ ಒಳಗೆ ನಡೆಯುವ ಟ್ರಸ್ಟಾದರೆ ನನ್ನ ಸಲಹೆ: ಈ ತಂಟೆ ಬೇಡ. ಲೆಕ್ಕ ಪರಿಶೋಧಕರ ಫೀಸಿಗೇ ಒಂದು ತಿಂಗಳ ನರ್ಸ್ ಸಂಬಳ ಹೋಗುತ್ತದೆ.

ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್, ಅಂದರೆ ಸೇವಾ ಸಂಸ್ಥೆಗಳು ಹಣ ಎತ್ತುವ ಷೇರುಪೇಟೆಯ ವಿಭಾಗದ ಬಗ್ಗೆಯೂ ಈಚೆಗೆ ಕೇಳುತ್ತಾರೆ. 2023ರ ಡಿಸೆಂಬರ್‌ನಲ್ಲಿ ಅಲ್ಲಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್, ಯುವಜನರಿಗೆ ಉದ್ಯೋಗ ತರಬೇತಿ ಕೊಡುವವರು. ಕನಿಷ್ಠ 50 ಲಕ್ಷ ಎತ್ತಬೇಕು. ನಮ್ಮ ಅಳತೆಯದ್ದಲ್ಲ, ಮುಂದೆ ಹೋಗೋಣ.

ಊರಿನ ದುಡ್ಡು

ದೇವಸ್ಥಾನದ ಬ್ರಹ್ಮಕಲಶಕ್ಕೆ ಒಂದು ಗ್ರಾಮದಲ್ಲಿ ಕೋಟಿ ಕೂಡುತ್ತದೆ. ಪಕ್ಕದ ಮನೆಯ ರೋಗಿಗೆ ಕ್ಯಾಥೆಟರ್ ಬೇಕು ಅಂದರೆ ರಸೀದಿ ಪುಸ್ತಕ ತೆರೆಯುವುದೇ ಕಷ್ಟ. ಇದನ್ನು ದೂರಿನ ಹಾಗೆ ಹೇಳುತ್ತಿಲ್ಲ. ಬ್ರಹ್ಮಕಲಶದವರು ಮನೆ ಮನೆಗೆ ಬರುತ್ತಾರೆ, ಕರೆಯೋಲೆ ಕೊಡುತ್ತಾರೆ, ಲೆಕ್ಕ ಓದಿ ಹೇಳುತ್ತಾರೆ. ನಾವು ಹೋಗುವುದೇ ಇಲ್ಲ.

ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಏಜೆಂಟ್ ದಿನಾ ಬಾಗಿಲಿಗೆ ಬರುತ್ತಿದ್ದ, ಅದರಿಂದ ಬ್ಯಾಂಕ್ ಬೆಳೆಯಿತು. ನಾವು ಅದೇ ದಾರಿ ಹಿಡಿದೆವು. ತಿಂಗಳಿಗೆ 200 ರೂಪಾಯಿ ಕೊಡುವವರು, ಬ್ಯಾಂಕಿನಿಂದ ತನ್ನಷ್ಟಕ್ಕೆ ಕಡಿತವಾಗುವ ಹಾಗೆ. ಮೊದಲ ವರ್ಷ ನಲವತ್ತು ಮಂದಿ, ಈಗ ನೂರೈವತ್ತು. ತಿಂಗಳಿಗೆ ಮೂವತ್ತು ಸಾವಿರ. ಕೇಳಲು ಸಣ್ಣದು. ಆದರೆ ಇದು ಒಂದನೇ ತಾರೀಖಿಗೆ ಬರುತ್ತದೆ, ಮಾರ್ಚ್‌ನಲ್ಲೂ ಆಟಿಯಲ್ಲೂ ಬರುತ್ತದೆ, ಯಾವುದಕ್ಕೆ ಬಳಸಿದಿರಿ ಅಂತ ಫಾರಂ ಕೇಳುವುದಿಲ್ಲ. ಮರದ ಕೆಳಗಿನ ವ್ಯಾನಿಗೆ ಕೊನೆಗೆ ಡ್ರೈವರ್ ಸಿಕ್ಕಿದ್ದು ಈ ದುಡ್ಡಿನಿಂದ.

ಎರಡು ಎಚ್ಚರಿಕೆ. 80ಜಿ ಆಸೆ ತೋರಿಸಿ ಕೇಳುವ ಕಾಲ ಹೋಯಿತು. ಹೊಸ ತೆರಿಗೆ ಪದ್ಧತಿಯಲ್ಲಿ ಇರುವ ಸಂಬಳದಾರರಿಗೆ ಆ ವಿನಾಯಿತಿ ಸಿಗುವುದಿಲ್ಲ, ಹಳೆಯ ಪದ್ಧತಿಯಲ್ಲಿ ಇರುವವರಿಗೂ 2000 ರೂಪಾಯಿ ಮೀರಿದ ನಗದು ದಾನಕ್ಕೆ ಸಿಗುವುದಿಲ್ಲ. ಇನ್ನೊಂದು ಡಬ್ಬಿ ಹುಂಡಿ. ಹೆಸರಿಲ್ಲದ ದಾನ ಒಂದು ಲಕ್ಷ ಅಥವಾ ಒಟ್ಟು ದಾನದ ಶೇ 5, ಯಾವುದು ಹೆಚ್ಚೋ ಅದನ್ನು ಮೀರಿದರೆ ಮೀರಿದ್ದಕ್ಕೆ ಶೇ 30 ತೆರಿಗೆ. ಹಾಗಾಗಿ ನೂರು ರೂಪಾಯಿಗೂ ಹೆಸರು, ವಿಳಾಸ ಬರೆದ ರಸೀದಿ.

ರೋಟರಿ, ಲಯನ್ಸ್‌ನವರು ಬಂದು "ಏನಾದರೂ ಒಂದು ಹೇಳಿ ಮಾರಾಯ್ರೆ" ಅಂದರೆ ನಾನು ಕ್ಷಯರೋಗಿಗಳ ಆಹಾರದ ಕಿಟ್ ತೋರಿಸುತ್ತೇನೆ. 2022ರ ಸೆಪ್ಟೆಂಬರ್‌ನಿಂದ ನಿಕ್ಷಯ್ ಮಿತ್ರ ಅಂತ ಇದೆ. ಒಂದಷ್ಟು ರೋಗಿಗಳಿಗೆ ಕೆಲವು ತಿಂಗಳು ಆಹಾರ ಕೊಡುವುದು. ಕ್ಲಬ್ಬಿನ ಅಧ್ಯಕ್ಷರ ಅವಧಿ ಒಂದು ವರ್ಷ, ಈ ಕೆಲಸ ಅದರೊಳಗೆ ಮುಗಿಯುತ್ತದೆ. ಕ್ಯಾಲೆಂಡರ್ ಹೊಂದುತ್ತದೆ.

ಹಾಗಾದರೆ ಯಾರಿಗೆ ಯಾವುದು

ಮನೆ ಭೇಟಿಯ ಆರೋಗ್ಯ ಕೆಲಸ ಆದರೆ ತಿಂಗಳ ಸಂಬಳದ ಅರ್ಧವಾದರೂ ಊರಿನ ದುಡ್ಡಿನಿಂದ ಬರಲಿ. ಉಳಿದದ್ದಕ್ಕೆ ದತ್ತಿಯಿಂದ ನಡೆಯುವ ಫೌಂಡೇಶನ್. ಸಿಎಸ್‌ಆರ್ ಅನ್ನು ಹಾಸಿಗೆ, ವೀಲ್‌ಚೇರ್, ಆಮ್ಲಜನಕದ ಯಂತ್ರ, ಇಂಥ ಒಂದು ಸಲದ ಖರೀದಿಗೆ ಇಟ್ಟುಕೊಳ್ಳಿ. ಕಂಪನಿ ಮೂರು ವರ್ಷಕ್ಕೆ ಒಪ್ಪಿದರೆ ಮಾತ್ರ ಸಂಬಳಕ್ಕೆ.

ತರಬೇತಿಗೆ ಸಿಎಸ್‌ಆರ್ ಚೆನ್ನಾಗಿ ಹೊಂದುತ್ತದೆ, ಬ್ಯಾಚ್ ವರ್ಷದೊಳಗೆ ಮುಗಿಯುವುದರಿಂದ. ಆದರೆ ಮಾತುಕತೆ ಅಕ್ಟೋಬರ್‌ನಲ್ಲೇ ಶುರು ಮಾಡಿ. ಕಂಪನಿಯ ವಾರ್ಷಿಕ ಯೋಜನೆ ಬರೆಯುವ ಮೊದಲೇ ನಿಮ್ಮ ಹೆಸರು ಅವರ ಹಾಳೆಯಲ್ಲಿರಲಿ, ದುಡ್ಡು ಮೇ ತಿಂಗಳಲ್ಲಿ ಬರುವ ಹಾಗೆ ಒಪ್ಪಂದದಲ್ಲಿ ಬರೆಸಿ. ಬ್ಯಾಚ್ ಮುಗಿದ ಮೇಲೆ ಆರು ತಿಂಗಳು ಹುಡುಗರಿಗೆ ಫೋನ್ ಮಾಡಿ ವಿಚಾರಿಸುವವರ ಸಂಬಳವನ್ನೂ ಸೇರಿಸಿ. ಅದನ್ನು ಎಲ್ಲರೂ ಬಿಡುತ್ತಾರೆ. ಆಮೇಲೆ "ಎಷ್ಟು ಮಂದಿ ಕೆಲಸದಲ್ಲಿ ಉಳಿದರು" ಅಂದಾಗ ಬಾಯಿ ಮುಚ್ಚಬೇಕಾಗುತ್ತದೆ.

ಪೋಷಕತ್ವಕ್ಕೆ ಮಗುವಿನ ಹಣ ಸರ್ಕಾರದ್ದು, ಕಾರ್ಯಕರ್ತೆಯ ಸಂಬಳ ಫೌಂಡೇಶನ್‌ದು. ಒಂದು ಫೌಂಡೇಶನ್ ಹೋದರೆ ಇನ್ನೊಂದು ಸಿಗುವ ತನಕ ನಡೆಸಲು ಒಂದು ವರ್ಷದ ಸಂಬಳ ಠೇವಣಿಯಲ್ಲಿ ಇಲ್ಲದಿದ್ದರೆ ಹೊಸ ಮಗುವನ್ನು ಒಪ್ಪಿಕೊಳ್ಳಬೇಡಿ. ನರ್ಸ್ ಒಂದು ತಿಂಗಳು ಬಾರದಿದ್ದರೆ ಬೇರೆಯವರು ಬರಬಹುದು. "ನಿನ್ನನ್ನು ನೋಡಲು ಪ್ರತಿ ತಿಂಗಳು ಬರ್ತೇನೆ" ಅಂದ ಅಕ್ಕ ಬಾರದಿದ್ದರೆ ಆ ಮಗುವಿಗೆ ಅದು ಎರಡನೇ ಸಲ.

ಈ ಕೆಲಸಕ್ಕೆ ಸಿಎಸ್‌ಆರ್ ಬಂದರೆ ಮೊದಲೇ ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ. ಅವರಿಗೆ ಫೋಟೊ ಬೇಕು. ಮಗು, ಚೆಕ್ಕು, ಬ್ಯಾನರು. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್‌ನಲ್ಲಿ ರಕ್ಷಣೆಯಲ್ಲಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ, ಗುರುತು ಸಿಗುವ ಯಾವುದನ್ನೂ ಪ್ರಕಟಿಸುವ ಹಾಗಿಲ್ಲ. ಆರು ತಿಂಗಳ ತನಕ ಜೈಲು, ಎರಡು ಲಕ್ಷದ ತನಕ ದಂಡ, ಇಲ್ಲವೇ ಎರಡೂ. ನನ್ನ ಪರಿಚಯದ ಸಂಸ್ಥೆಯೊಂದು ಇದನ್ನು ಒಪ್ಪಂದದ ಮೊದಲ ಪುಟದಲ್ಲೇ ಬರೆಸುತ್ತದೆ. ಒಮ್ಮೆ ಒಬ್ಬ ಅಧಿಕಾರಿ "ಮುಖ ಮಸುಕು ಮಾಡಿ ಹಾಕ್ತೇವೆ ಮೇಡಂ" ಅಂದರಂತೆ. ಸಂಸ್ಥೆಯ ಮೇಡಂ ಎದ್ದು ಒಳಗಿನಿಂದ ಒಂದು ಪುಟ್ಟ ಚಪ್ಪಲಿ ಜೋಡಿ ತಂದು ಮೇಜಿನ ಮೇಲೆ ಇಟ್ಟರು. "ಇದರ ಫೋಟೊ ತಗೊಳ್ಳಿ." ಆ ವರ್ಷದ ಕಂಪನಿಯ ವರದಿಯಲ್ಲಿ ಆ ಚಪ್ಪಲಿಯೇ ಅಚ್ಚಾಯಿತು.